ಸುನೋಲ್ ಕಣಿವೆಯ ಮುಯ್ಯಾಳು

ಚಿಕ್ಕಂದಿನಲ್ಲಿ ಲಮ್ದುವಾನಳಿಗೆ ಅವಳಮ್ಮ ಹೊಡೆದದ್ದು ಒಂದೇ ಸಲ. ಥಾಯ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಸಿಸಾಕೇತ್ ಸೀಮೆಯ ಒಂದು ಹಳ್ಳಿ ಅವಳದು. ಮಳೆ ಹಿಡಿದು ಗದ್ದೆ ತುಂಬಿತೆಂದರೆ ಊರಿಗೆ ಊರೇ ಇವತ್ತು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರ ಗದ್ದೆ ಎಂದು ಸರದಿಯಲ್ಲಿ ನಾಟಿಗೆ ಇಳಿಯುತ್ತಿತ್ತು. ಕೂಲಿಯ ಮಾತಿಲ್ಲ. ಯಾರ ಗದ್ದೆಯೋ ಆ ಮನೆಯ ಊಟ. ನೀನು ನನ್ನ ಗದ್ದೆಗೆ ಬಂದರೆ ನಾನು ನಿನ್ನ ಗದ್ದೆಗೆ ಬರಬೇಕು. ನಮ್ಮಲ್ಲಿ ಮುಯ್ಯಾಳು ಎನ್ನುತ್ತೇವಲ್ಲ, ಅದೇ. ಅಂಥ ಒಂದು ದಿನ ಪಕ್ಕದ ಮನೆಯವರ ಗದ್ದೆಯಲ್ಲಿ ಹುಡುಗಿ ಲಮ್ದುವಾನ್, ನಾಟಿಗೆ ಅಂತ ಕರೆದು ಬದು ಯಾಕೆ ಕಟ್ಟಿಸುತ್ತಿದ್ದಾರೆ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿಬಿಟ್ಟಳು. ಅಮ್ಮ ಕೆಸರುಗೈಯಲ್ಲೇ ಕೆನ್ನೆಗೆ ಬಾರಿಸಿದಳು. ಮುಯ್ಯಾಳಾಗಿ ಹೋದವರು ಯಾವ ಕೆಲಸ, ಯಾಕೆ ಎಂದು ಕೇಳಬಾರದು. ತೋರಿಸಿದ್ದನ್ನು ಮಾಡಬೇಕು, ಬಡಿಸಿದ್ದನ್ನು ಉಣ್ಣಬೇಕು, ಉಂಡ ಮೇಲೆ ಕೆಲಸ ಅರ್ಧಕ್ಕೆ ಬಿಟ್ಟು ಏಳಬಾರದು. ಕೇಳಿದರೆ ನಂಬಿಕೆಯಿಲ್ಲ ಎಂದಾಯಿತು. ನಂಬಿಕೆಯಿಲ್ಲದವರ ಗದ್ದೆಗೆ ಇಳಿಯುವುದೇಕೆ?

ಅರವತ್ತು ದಾಟಿದ ಮೇಲೂ ಅವಳು ಆ ನಿಯಮ ಬಿಟ್ಟಿಲ್ಲ. ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಮೆರಿಕಕ್ಕೆ ಅವಳನ್ನು ಕರೆತಂದವನು ಗಂಡ. ಯೂನಿಯನ್ ಸಿಟಿಯ ಒಂದು ಥಾಯ್ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ. ಊರಿನ ಸೊಪ್ಪು, ಊರಿನ ಮೆಣಸಿನಕಾಯಿ ಸಿಗುತ್ತಿಲ್ಲವೆಂದು ಅವನು ದಿನವೂ ಗೊಣಗುವುದನ್ನು ಕೇಳಲಾರದೆ ಲಮ್ದುವಾನ್ ಜಮೀನು ಹುಡುಕಿದಳು. ಸುನೋಲ್ ಕಣಿವೆಯಲ್ಲಿ ಒಬ್ಬ ಪೋರ್ಚುಗೀಸ್ ಮುದುಕ ಫ್ರೀವೇಯಿಂದ ಕೂಗಳತೆಯ ದೂರದ ತನ್ನ ಹೊಲದಲ್ಲಿ ಎಕರೆಯಷ್ಟು ಗೇಣಿಗೆ ಬಿಟ್ಟುಕೊಟ್ಟ. ಅಲ್ಲಿ ಅವಳು ಮಜ್ಜಿಗೆಹುಲ್ಲು ಹಾಕಿದಳು, ಉದ್ದನೆಯ ಅಲಸಂದೆ ಹಬ್ಬಿಸಿದಳು, ಪ್ಲಾಸ್ಟಿಕ್ ಹೊದಿಸಿದ ಚಪ್ಪರದ ಬಿಸುಪಿನಲ್ಲಿ ಶುಂಠಿಯ ದಾಯಾದಿಯಾದ ಗಲಂಗಲ್ ಬೆಳೆದಳು. ಇಲಿ ಹಿಕ್ಕೆ ಎಂದು ಅವರ ಭಾಷೆಯಲ್ಲಿ ಹೆಸರಿರುವ ಪುಟ್ಟ ಮೆಣಸಿನಕಾಯಿ ಸಾಲುಸಾಲಾಗಿ ಕೆಂಪಾಯಿತು. ಹೋಟೆಲಿಗೆ ಕೊಟ್ಟು ಮಿಕ್ಕದ್ದನ್ನು ಅವಳು ಸಂತೆಯಲ್ಲಿ ಮಾರಿದಳು. ಗಂಡಹೆಂಡತಿ ಸೇರಿ ಒಂದು ಅಂಚಿಗೆ ಮಕ್ರೂತ್ ನಿಂಬೆಯ ಗಿಡ ನೆಟ್ಟರು. ಆ ನಿಂಬೆಗೆ ಹಣ್ಣಿಗಿಂತ ಎಲೆಗೇ ಬೆಲೆ. ಅವರ ಸಾರಿನ ಘಮವೆಲ್ಲ ಆ ಎಲೆಯದು. ಗಂಡ ತೀರಿಕೊಂಡಾಗ ಗಿಡಗಳು ತಲೆ ಮೀರಿ ಬೆಳೆದಿದ್ದವು. ಮುದುಕನೂ ತೀರಿಕೊಂಡ. ಅವನ ಮಕ್ಕಳು ಹೊಲ ಮಾರಿದರು. ಕೊಂಡವರು ನಮ್ಮವರು: ಡ್ಯಾನ್‌ವಿಲ್‌ನ ತಿರುಮಲೇಶ ಮತ್ತು ಅವನ ಹೆಂಡತಿ ಶೈಲಜಾ, ಮೈಸೂರಿನ ಕಡೆಯವರು, ಇಬ್ಬರೂ ಎಂಜಿನಿಯರುಗಳು.

ಹೊಸ ಒಡೆಯರು ಹೊಲ ನೋಡಲು ಬಂದ ದಿನ ಲಮ್ದುವಾನ್ ಗಂಟುಮೂಟೆ ಕಟ್ಟಲು ಸಿದ್ಧಳಾಗಿದ್ದಳು. ಶೈಲಜಾ ಮಾತ್ರ ಒಂದು ಪಾತಿಯ ಮುಂದೆ ನಿಂತು ಕೈಮುಗಿದಳು. ಪಾತಿಯ ತುಂಬ ತುಳಸಿ.

"ಇದನ್ನ ನಾವು ಪೂಜೆ ಮಾಡ್ತೀವಿ," ಎಂದಳು ಶೈಲಜಾ.

"ನಾವು ಕೋಳಿ ಜೊತೆ ಹುರೀತೀವಿ," ಎಂದಳು ಲಮ್ದುವಾನ್.

ಇಬ್ಬರ ಮಾತೂ ಇಂಗ್ಲಿಷಿನಲ್ಲಿ. ಒಬ್ಬಳದು ಆಫೀಸಿನ ಇಂಗ್ಲಿಷು, ಇನ್ನೊಬ್ಬಳದು ಸಂತೆಯ ಇಂಗ್ಲಿಷು. ನಗುವುದಕ್ಕೆ ಎರಡೂ ಸಾಕಾಯಿತು. ನಗು ಮುಗಿದ ಮೇಲೆ ಲಮ್ದುವಾನ್, ಗೇಣಿ ಎಷ್ಟು ಕೊಡಲಿ ಎಂದು ಕೇಳಿದಳು. ಕೇಳುತ್ತ ತನ್ನ ಊರಿನ ಪದ್ಧತಿಯನ್ನೂ ಹೇಳಿದಳು. ಅದನ್ನು ಅವಳು ಈ ದೇಶದಲ್ಲಿ ಎಷ್ಟೋ ಜನಕ್ಕೆ ಹೇಳಿ ಸೋತಿದ್ದಳು. ಕೆಲವರು ಅದನ್ನು ದಾನಧರ್ಮ ಎಂದುಕೊಂಡರು, ಕೆಲವರು ಸಂಬಳ ಉಳಿಸುವ ಉಪಾಯ ಎಂದುಕೊಂಡರು. ಶೈಲಜಾ ಅರ್ಧಕ್ಕೇ ತಡೆದಳು.

"ನನ್ನ ಅಜ್ಜಿ ಊರಲ್ಲೂ ಇದೇ ಇತ್ತು. ಕಾವೇರಿ ನಾಲೆ ನೀರು ಬಿಟ್ಟಾಗ ನಾಟಿ. ಮುಯ್ಯಿ ಅಂತೀವಿ. ಗೇಣಿ ಏನೂ ಬೇಡ ಅಕ್ಕ. ನಾನು ನಿಮ್ಮ ಹೊಲಕ್ಕೆ ಬರ್ತೀನಿ, ನೀವು ನನ್ನ ಮನೆಗೆ ಬನ್ನಿ. ಈ ಜಮೀನು ನಿಮ್ಮದೇ ಅಂದ್ಕೊಳ್ಳಿ."

ಅಕ್ಕ ಎಂಬ ಪದವನ್ನು ಶೈಲಜಾ ಕನ್ನಡದಲ್ಲೇ ಅಂದಳು, ಅರ್ಥವನ್ನೂ ಹೇಳಿದಳು. ಅಂದಿನಿಂದ ಲಮ್ದುವಾನ್ ಅವಳನ್ನು ನೋಂಗ್ ಎಂದು ಕರೆದಳು, ಅಂದರೆ ತಂಗಿ. ಕಾಗದಪತ್ರ ಏನೂ ಆಗಲಿಲ್ಲ. ಒಡಹುಟ್ಟಿದವರ ಹತ್ತಿರ ಯಾರು ರುಜು ಹಾಕಿಸಿಕೊಳ್ಳುತ್ತಾರೆ? ಗಂಡ ನೆಟ್ಟ ಗಿಡ, ಅವಳ ಅನ್ನ, ಇನ್ನುಳಿದ ಅವಳ ಆಯುಷ್ಯ ಎಲ್ಲವೂ ಆ ಒಂದು ಮುಯ್ಯಿಯ ಮೇಲೆ ನಿಂತಿತು. ಅವಳಿಗೆ ಅದರಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಪದ್ಧತಿ ಗೊತ್ತಿಲ್ಲದವರಿಗೆ ಹೆದರಬೇಕು, ಗೊತ್ತಿದ್ದವರಿಗೆ ಏಕೆ ಹೆದರಬೇಕು ಎಂದು ಅವಳ ಲೆಕ್ಕ.

ಮೊದಲ ವರ್ಷಗಳಲ್ಲಿ ಶೈಲಜಾ ನಿಜಕ್ಕೂ ದುಡಿದಳು, ಸುಳ್ಳು ಹೇಳಬಾರದು. ಶನಿವಾರ ಬೆಳಗ್ಗೆ ಡ್ಯಾನ್‌ವಿಲ್‌ನಿಂದ ಹೊರಟು ಬಂದು, ಉಗುರಿನೊಳಗೆ ಮಣ್ಣು ತುಂಬಿಕೊಂಡು ಸಸಿ ನೆಡುತ್ತಿದ್ದಳು. ಲಮ್ದುವಾನ್ ಮುಯ್ಯಿ ತೀರಿಸಲು ಅವರ ಗೃಹಪ್ರವೇಶಕ್ಕೆ ಹೋದಳು, ಬಾಳೆ ಎಲೆ ಒರೆಸಿದಳು, ಹಿತ್ತಲಿಗೆ ಪಾತಿ ತೆಗೆದಳು. ಮಗಳು ನಿಹಾರಿಕಾಳ ಅರಂಗೇಟ್ರಂ ಬಂದಾಗ ತನ್ನ ಕೊಯ್ಲು ಬಿಟ್ಟು ಅವರ ಮನೆಯಲ್ಲಿ ಕುಳಿತು ಹೂವು ಕಟ್ಟಿದಳು. ನಿಹಾರಿಕಾ ಅವಳನ್ನು ಆಂಟಿ ಎಂದು ತಬ್ಬಿಕೊಂಡಳು. ತಿರುಮಲೇಶ ಬಂದವರಿಗೆಲ್ಲ, "ಇವರು ನಮ್ಮ ಫ್ಯಾಮಿಲಿ," ಎಂದು ಪರಿಚಯಿಸಿದ. ಆಮೇಲೆ ಶೈಲಜಾಗೆ ಆಫೀಸಿನಲ್ಲಿ ಬಡ್ತಿ ಬಂತು, ಅವಳ ಶನಿವಾರಗಳು ಸವೆದವು. ಬಂದರೂ ಕೊಯ್ದಿಟ್ಟ ಮೆಣಸಿನಕಾಯಿ ಬುಟ್ಟಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಒಂದು ಚೀಲ ಸೊಪ್ಪು ಹಿಡಿದು ಹೊರಡುತ್ತಿದ್ದಳು. ಡ್ಯಾನ್‌ವಿಲ್‌ನ ಕೆಲಸ ಮಾತ್ರ ಸವೆಯಲಿಲ್ಲ. ಲಮ್ದುವಾನ್ ಕರೆದಾಗಲೆಲ್ಲ ಹೋದಳು. ತಂಗಿಗೆ ಬಿಡುವಿಲ್ಲ, ಬಿಡುವಾದಾಗ ಬರುತ್ತಾಳೆ ಎಂದುಕೊಂಡಳು.

ಶೈಲಜಾ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಗುರುಬಸವ್ವನನ್ನು ಹೊಲಕ್ಕೆ ಕರೆತಂದದ್ದು. ಬಾಗಲಕೋಟೆಯ ಕಡೆಯ ಮುದುಕಿ, ಸ್ಯಾನ್ ರಮೋನಿನಲ್ಲಿ ಮಗಳು ವಿಜಯಶ್ರೀಯ ಮನೆಯಲ್ಲಿ ಇರುವವಳು. "ಸೋಫಾದ ಮ್ಯಾಲ ಕುಂತು ಕುಂತು ಮಣಕಾಲ ಹಿಡದಾವ ನೋಡವಾ," ಎಂದು ದೂರುತ್ತ ಬಂದವಳು ಕುರ್ಚಿಗಿಗೆ ಕೈ ಹಾಕಿದ ಕೂಡಲೇ ದೂರು ಮರೆತಳು. ಕುರ್ಚಿಗಿ ಎಂದರೆ ಕೂರುವ ಕುರ್ಚಿಯಲ್ಲ. ಕಳೆ ತೆಗೆಯುವ ಸಣ್ಣ ಸಲಕರಣೆ. ಅಂದಿನಿಂದ ವಾರಕ್ಕೆರಡು ಸಲ ವಿಜಯಶ್ರೀ ಅವಳನ್ನು ಹೊಲದಲ್ಲಿ ಇಳಿಸಿ ಆಫೀಸಿಗೆ ಹೋಗುತ್ತಾಳೆ. ಗುರುಬಸವ್ವನಿಗೆ ಇಂಗ್ಲಿಷು ಬಾರದು, ಕಲಿಯುವ ಹಟವೂ ಇಲ್ಲ. ಹಾಗಾಗಿ ಲಮ್ದುವಾನಳೇ ಕನ್ನಡ ಕಲಿತಳು. ನೀರು, ಮಣ್ಣು, ಬಾ, ಕೂಡು, ಉಣ್ಣು ಎಂದು ಶುರುವಾದದ್ದು, ಸಾಲಿನಲ್ಲಿ ಪಕ್ಕಪಕ್ಕ ಕುಕ್ಕರಗಾಲಲ್ಲಿ ಕೂತು ಬೀಗರ ಜಗಳದವರೆಗೆ ಬಂತು. ಮುದುಕಿ ಅವಳನ್ನು ಲಮದವ್ವ ಎಂದಳು. ಮಧ್ಯಾಹ್ನ ಒಬ್ಬಳು ಬಿದಿರ ಡಬ್ಬಿಯ ಅಂಟು ಅನ್ನ ಬಿಚ್ಚಿದರೆ ಇನ್ನೊಬ್ಬಳು ಜೋಳದ ರೊಟ್ಟಿ ಬಿಚ್ಚುತ್ತಿದ್ದಳು. ನಡುವೆ ಕಲ್ಲಿನಲ್ಲಿ ಕುಟ್ಟಿದ ಖಾರ. ಲಮ್ದುವಾನಳಿಗೆ ಕನ್ನಡ ಬರುತ್ತದೆಂದು ಡ್ಯಾನ್‌ವಿಲ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಹೋದ ಅಕ್ಟೋಬರಿನಲ್ಲಿ ಶೈಲಜಾ ಫೋನು ಮಾಡಿದಳು.

"ಅಕ್ಕ, ಜಿಂಕೆ, ಕಾಡುಹಂದಿ ಕಾಟ ಜಾಸ್ತಿ ಆಯ್ತಲ್ಲ. ಬೇಲಿ ಹಾಕೋಣ ಅಂತ. ಕಂಬಕ್ಕೆ ಗುಂಡಿ ತೆಗೀಬೇಕು. ಮುಯ್ಯಿಗೆ ಬರ್ತೀರಾ?"

ಎಷ್ಟೋ ದಿನದ ಮೇಲೆ ಆ ಪದ ತಂಗಿಯ ಬಾಯಲ್ಲಿ ಬಂದದ್ದು ಕೇಳಿ ಲಮ್ದುವಾನ್ ಉಬ್ಬಿಹೋದಳು. ಒಬ್ಬಳೇ ಹೋದರೆ ಸಾಲದೆಂದು ಫ್ರೀಮಾಂಟಿನ ಥಾಯ್ ಗುಡಿಯಲ್ಲಿ ಪರಿಚಯದ ಇಬ್ಬರು ಗೆಳತಿಯರನ್ನೂ ಕರೆದಳು. ಅವರಿಂದ ತನಗೆ ಬರಬೇಕಿದ್ದ ಮುಯ್ಯಿಯನ್ನು ಶೈಲಜಾಳ ಹೆಸರಿಗೆ ಖರ್ಚು ಮಾಡಿದಳು ಎನ್ನಿ.

ಶನಿವಾರ ಬೆಳಗ್ಗೆ ಹೋದರೆ ನೆಲದ ಮೇಲೆ ಹಳದಿ ದಾರ ಎಳೆದಾಗಿತ್ತು. ದಾರ ಅವಳ ವ್ಯಾನು ಬರುವ ಕಾಲುದಾರಿಗೆ ಅಡ್ಡಲಾಗಿ ಹಾದು, ನಿಂಬೆಯ ಸಾಲನ್ನು ಒಳಗೆ ಮಾಡಿಕೊಂಡು, ದೊಡ್ಡ ರಸ್ತೆಯ ಕಡೆಗೆ ತಿರುಗಿತ್ತು. ಗೇಟು ಆ ಕಡೆಗೆ ಒಂದೇ. ಅವಳು ಬರುವ ಕಡೆ ಗೇಟಿನ ಗುರುತಿಲ್ಲ. ಲಮ್ದುವಾನಳಿಗೆ ಅದು ಕಾಣಲಿಲ್ಲವೆಂದಲ್ಲ. ಕಂಡಿತು, ಬಾಯಿಗೂ ಬಂತು, ಬಂದದ್ದನ್ನು ನುಂಗಿಕೊಂಡಳು. ಮುಯ್ಯಾಳು ಕೇಳಬಾರದು. ಹಾರೆ ಎತ್ತಿ ದಾರದ ಗುಂಟ ಗುಂಡಿ ತೋಡಲು ನಿಂತಳು. ಬೇಸಿಗೆಯಲ್ಲಿ ಸುಟ್ಟ ಸುನೋಲಿನ ನೆಲ ಕಲ್ಲಿನ ಹಾಗೆ. ಗೆಳತಿಯರು ಮಣ್ಣು ಎತ್ತಿದರು, ಮಗಳು ತಂದು ಬಿಟ್ಟಿದ್ದ ಗುರುಬಸವ್ವ ನೀರು ಸುರಿದು ಮೆತ್ತಗೆ ಮಾಡಿದಳು.

ಮಧ್ಯಾಹ್ನ ಶೈಲಜಾ ಬಿಸಿಬೇಳೆಬಾತು ತಂದು ತಾನೇ ಬಡಿಸಿದಳು. ಎಲ್ಲರೂ ನಿಂಬೆ ಮರದ ನೆರಳಿನಲ್ಲಿ ಉಂಡರು. ಉಣ್ಣುತ್ತಿರುವಾಗಲೇ ಅವಳಿಗೆ ಯಾರೋ ಗೆಳತಿಯ ಫೋನು ಬಂತು. ಎದ್ದು ದೂರ ಹೋಗುವ ಅಗತ್ಯ ಅವಳಿಗೆ ಕಾಣಲಿಲ್ಲ. ಮಾತು ಕನ್ನಡದಲ್ಲಿ ತಾನೆ? ಗುರುಬಸವ್ವ ಕೇಳಿಸಿಕೊಂಡರೂ ನಮ್ಮವಳೇ, ದಾಟಿಸಿ ಹೇಳಲು ಅವಳಿಗೆ ಇಂಗ್ಲಿಷೂ ಬಾರದು.

"ಇಲ್ಲ ಕಣೇ, ಇನ್ನೂ ಹೇಳಿಲ್ಲ. ಫೆನ್ಸ್ ಕಂಪ್ಲೀಟ್ ಆಗ್ಲಿ ಅಂತ. ಡಿಸೆಂಬರ್ ಎಂಡ್‌ಗೆ ವೆಕೇಟ್ ಮಾಡಿಸ್ತೀವಿ. ಸ್ಪ್ರಿಂಗ್‌ಗೆ ವೆಡಿಂಗ್ ವೆನ್ಯೂ ಓಪನ್ನು. ಈಗ್ಲೇ ಹೇಳಿದ್ರೆ ಹೆಲ್ಪಿಗೆ ಬರ್ತಾರಾ, ನೀನೇ ಹೇಳು. ಲೈಮ್ ಟ್ರೀಸ್ ಇಟ್ಕೋತೀವಿ, ಫೋಟೋಸ್‌ಗೆ ಚೆನ್ನಾಗಿರತ್ತೆ."

ಪಾಪ, ತಾನು ಕನ್ನಡ ಮಾತಾಡುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ನಮ್ಮ ಜನ ಎಲ್ಲೆಲ್ಲೂ ಮಾಡುವ ತಪ್ಪು ಇದು. ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಡಾಕ್ಟರ ಎದುರಿಗೆ ಗುಟ್ಟೆಲ್ಲ ಕನ್ನಡದ ಮರೆಯಲ್ಲಿದೆ ಎಂದುಕೊಳ್ಳುತ್ತಾರೆ. ಮರೆಯ ತುಂಬ ತೂತು. ಬೇಲಿ, ಬಿಡಿಸುವುದು, ಮದುವೆ, ಮರ, ತಿಂಗಳು ಎಲ್ಲವೂ ಇಂಗ್ಲಿಷಿನಲ್ಲಿ ಹೊರಗೆ ಬಿದ್ದಿದ್ದವು. ಕನ್ನಡ ಬಾರದ ಥಾಯ್ ಗೆಳತಿಯರು ಕೂಡ ಚಮಚ ಇಳಿಸಿ ಲಮ್ದುವಾನಳ ಮುಖ ನೋಡಿದರು. ಅವರಿಗೆ ಸಿಗದೆ ಉಳಿದ ಚೂರುಪಾರು ಅವಳಿಗೆ ಗುರುಬಸವ್ವನ ಕೃಪೆಯಿಂದ ಸಿಕ್ಕಿತು. ಇನ್ನೂ ಹೇಳಿಲ್ಲ. ಈಗಲೇ ಹೇಳಿದರೆ ಬರುತ್ತಾರಾ.

ಅವಳು ಗುರುಬಸವ್ವನ ಕಡೆ ತಿರುಗಿದಳು.

"ಖರೆ?"

"ಖರೆನ ಐತವ್ವಾ," ಎಂದಳು ಮುದುಕಿ. "ತಡಿ, ನಾ ಕೇಳ್ತೀನಿ ಆಕಿನ್ನ. ಇಷ್ಟು ಮಂದಿ ಮೈ ಮುರದು ದುಡ್ಯಾಕತ್ತೀವಿ, ಏನಂತ ತಿಳಕೊಂಡಾಳ ಈಕಿ?"

ಲಮ್ದುವಾನ್ ಅವಳ ಸೆರಗು ಹಿಡಿದು ಕೂರಿಸಿದಳು. "ಬ್ಯಾಡ. ಉಂಡೀನಿ," ಎಂದಳು.

ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮ ಹಿರಿಯರು ಉಂಡವರಿಗೆ ಬುದ್ಧಿ ಹೇಳಿದರು. ಬಡಿಸುತ್ತಲೇ ಎರಡು ಬಗೆಯುವವರಿಗೆ ಹೇಳುವ ಗಾದೆ ಹುಟ್ಟಿಸಲು ಅವರಿಗೆ ಹೊಳೆಯಲಿಲ್ಲ. ಲಮ್ದುವಾನ್ ತಟ್ಟೆಯಲ್ಲಿದ್ದುದನ್ನು ಮುಗಿಸಿ, ಕೈತೊಳೆದು, ಹಾರೆ ಎತ್ತಿಕೊಂಡು, ಸಾಯಂಕಾಲದವರೆಗೆ ತನ್ನನ್ನು ಹೊರಗಿಡುವ ಬೇಲಿಗೆ ತಾನೇ ಗುಂಡಿ ತೋಡಿದಳು. ಒಂದು ಗುಂಡಿಯನ್ನೂ ಅರೆಮನಸ್ಸಿನಿಂದ ತೋಡಲಿಲ್ಲ. ಹೊರಡುವಾಗ ಶೈಲಜಾ ಅವಳ ಭುಜ ಹಿಡಿದು, ನೀವಿಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ ಅಕ್ಕ ಎಂದಳು. ಅದಂತೂ ನಿಜ.

ವ್ಯಾನಿನಲ್ಲಿ, 680 ಹೆದ್ದಾರಿಯ ಸಂಜೆಯ ಜಂಗುಳಿಯಲ್ಲಿ ಸಿಕ್ಕಿಕೊಂಡು, ಅವಳು ಬಿಕ್ಕಿಬಿಕ್ಕಿ ಅತ್ತಳು. ಜಮೀನು ಹೋಗುವ ದುಃಖ ಇತ್ತು. ಗಂಡ ನೆಟ್ಟ ಮರ ಯಾರದೋ ಮದುವೆಯ ಫೋಟೋಕ್ಕೆ ಹಿನ್ನೆಲೆಯಾಗಿ ನಿಲ್ಲುತ್ತದೆಂಬ ಸಂಕಟ ಇತ್ತು. ಬೇರು ಕಿತ್ತು ಬೇರೆ ಕಡೆ ನೆಡುವ ವಯಸ್ಸು ಆ ಮರಗಳಿಗೆ ದಾಟಿತ್ತು. ಎಲ್ಲಕ್ಕಿಂತ ಉರಿದದ್ದು ಆ ಪದ. ಮುಯ್ಯಿ ಎಂದು ಕರೆಯದೆ, ಕೆಲಸವಿದೆ ಬಾ ಎಂದಿದ್ದರೂ ಅವಳು ಹೋಗುತ್ತಿದ್ದಳು. ಆ ಪದದ ತೂಕ ಗೊತ್ತಿದ್ದೇ ಶೈಲಜಾ ಅದನ್ನು ಬಳಸಿದ್ದಳು. ನಂಬಿಸಿ ಕತ್ತು ಕೊಯ್ಯುವುದು ಎಂದರೆ ಇದೇ.

ವಿಜಯಶ್ರೀಗೆ ಅಮ್ಮನಿಂದ ಸುದ್ದಿ ಮುಟ್ಟಿ ಅವಳು ಕಿಡಿಕಿಡಿಯಾದಳು. "ಆಂಟಿ, ಇಷ್ಟು ವರ್ಷ ಇದ್ದವರಿಗೆ ಏನಾದ್ರೂ ರೈಟ್ಸ್ ಇರತ್ತೆ. ನನಗೆ ಗೊತ್ತಿರೋ ಲಾಯರ್ ಒಬ್ಬರಿದಾರೆ," ಎಂದಳು. ಲಮ್ದುವಾನ್ ತಲೆಯಾಡಿಸಿದಳು. ಲಾಯರಿಗೆ ತೋರಿಸಲು ಅವಳ ಹತ್ತಿರ ಇದ್ದದ್ದು ಮಾತು ಒಂದೇ. ಮಾತನ್ನು ಕೋರ್ಟಿಗೆ ಎಳೆದರೆ, ಇಷ್ಟು ವರ್ಷ ನಡೆದದ್ದು ಮುಯ್ಯಿಯಲ್ಲ, ವ್ಯಾಪಾರ ಎಂದು ತಾನೇ ಒಪ್ಪಿಕೊಂಡ ಹಾಗೆ.

ಬೇಲಿಯ ಕಂಬ ನಿಂತ ಮೇಲೆ ಶೈಲಜಾ ಬಂದಳು. ಕಣ್ಣಲ್ಲಿ ನೀರು ತಂದುಕೊಂಡೇ ಬಂದಳು. "ಅಕ್ಕ, ನಿಮಗೆ ಹೇಗೆ ಹೇಳೋದು ಅಂತ ನಿದ್ದೇನೇ ಮಾಡಿಲ್ಲ..."

"ಗೊತ್ತು," ಎಂದಳು ಲಮ್ದುವಾನ್.

ಕಟ್ಟಿಕೊಂಡು ಬಂದ ಮಾತನ್ನೆಲ್ಲ ಬಿಟ್ಟು ಶೈಲಜಾ ಕಣ್ಣೊರೆಸಿಕೊಂಡಳು. ಹೇಗೆ ಗೊತ್ತು ಎಂದು ಕೇಳುವ ಧೈರ್ಯ ಆಗಲಿಲ್ಲ.

"ಗುಂಡಿಗೆ ನಾನು ಬಂದೆ. ನಿನ್ನದು ಒಂದು ದಿನ ಬಾಕಿ ಇದೆ, ನೋಂಗ್. ಮಜ್ಜಿಗೆಹುಲ್ಲು, ಗಲಂಗಲ್ ಎಲ್ಲ ಕಿತ್ತು ಬುಟ್ಟಿಗೆ ತುಂಬಬೇಕು. ನೀನು ಬಾ. ನೀನೇ ಬಾ."

"ಖಂಡಿತ ಅಕ್ಕ. ಪ್ರಾಮಿಸ್," ಎಂದಳು ಶೈಲಜಾ. ಇಷ್ಟಕ್ಕೇ ಮುಗಿಯಿತಲ್ಲ ಎಂಬ ನಿರಾಳ ಅವಳ ಮುಖದ ಮೇಲೆ ಎದ್ದು ಕಾಣುತ್ತಿತ್ತು.

ಹೆಂಗರುಳು ಎಷ್ಟು ದಡ್ಡ ನೋಡಿ. ಅಷ್ಟಾದ ಮೇಲೂ ಲಮ್ದುವಾನ್ ಆ ದಿನಕ್ಕೆ ಕಾದಳು. ಶೈಲಜಾ ತನ್ನ ಜೊತೆ ಮಣ್ಣಿಗೆ ಕೂತು, ಕೈಯಾರೆ ಬೇರು ಕಿತ್ತರೆ, ಏನು ಮಾಡಿದೆ ಎಂಬುದು ಆ ಕೈಗಾದರೂ ತಿಳಿದೀತು. ಬಂದರೆ ಜಮೀನು ಹೋಯಿತು, ತಂಗಿ ಉಳಿದಳು. ಬಾರದಿದ್ದರೆ ಎರಡೂ ಹೋದವು.

ನವೆಂಬರಿನ ಮೊದಲ ಮಳೆ ಬಿದ್ದು ನೆಲ ಮೆದುವಾಗಿತ್ತು, ಗುಡ್ಡಗಳ ಮೇಲೆ ಹಸಿರು ಆಡುತ್ತಿತ್ತು. ಅವತ್ತು ಮನೆಯಾಕೆ ಲಮ್ದುವಾನ್, ಆದ್ದರಿಂದ ಊಟ ಅವಳದು. ಬೆಳಗ್ಗೆಯೇ ಎದ್ದು ಅಂಟು ಅನ್ನ ಹಬೆಗಿಟ್ಟಳು, ಪರಂಗಿಕಾಯಿಯ ಕೋಸಂಬರಿ ಕುಟ್ಟಿದಳು. ಮೀನು ತಿನ್ನದ ಶೈಲಜಾ ಮತ್ತು ಗುರುಬಸವ್ವನಿಗೆಂದು ಮೀನು ಹುಳಿಯಿಸಿದ ನೀರು ಸೋಕಿಸದೆ ಬೇರೆ ಒರಳಿನಲ್ಲಿ, ಬೇರೆ ಬಟ್ಟಲಿಗೆ ಕಲಸಿದಳು.

ಕಾರು ಬಂತು. ಇಳಿದವನು ತಿರುಮಲೇಶ. ಹಿಂದಿನ ಸೀಟಿನಿಂದ ಇಬ್ಬರು ಗಂಡಾಳುಗಳು ಇಳಿದರು. ಕೂಲಿಗೆಂದು ದಾರಿಯಲ್ಲಿ ಹತ್ತಿಸಿಕೊಂಡು ಬಂದವರು, ಕೈಯಲ್ಲಿ ಹೊಸ ಗ್ಲೌಸು.

"ಶೈಲಜಾಗೆ ಅರ್ಜೆಂಟ್ ಮೀಟಿಂಗ್ ಬಂತು. ತುಂಬಾ ಸಾರಿ ಹೇಳಿದಾಳೆ," ಎಂದ ತಿರುಮಲೇಶ ಇಂಗ್ಲಿಷಿನಲ್ಲಿ. "ಒಬ್ಬರ ಬದಲು ಇಬ್ಬರನ್ನ ಕರ್ಕೊಂಡು ಬಂದಿದೀನಿ. ಇಡೀ ದಿನ ನಿಮ್ಮ ಜೊತೆ ಇರ್ತಾರೆ. ಅವಳಿಗಿಂತ ಚೆನ್ನಾಗಿ ಕೆಲಸ ಮಾಡ್ತಾರೆ." ಕೊನೆಯದನ್ನು ತಮಾಷೆಯೆಂದು ಹೇಳಿ ತಾನೇ ನಕ್ಕ.

ಲಮ್ದುವಾನ್ ನಗಲಿಲ್ಲ, ರೇಗಲೂ ಇಲ್ಲ. ಆ ಇಬ್ಬರನ್ನು ಚಾಪೆಯ ಮೇಲೆ ಕೂರಿಸಿ, ಎಲೆ ಹಾಕಿ, ಹೊಟ್ಟೆ ತುಂಬ ಬಡಿಸಿದಳು. ಅವರದೇನು ತಪ್ಪು? ಉಂಡು ಎದ್ದು ಅವರು ಗುದ್ದಲಿಗೆ ಕೈಚಾಚಿದಾಗ ಗುದ್ದಲಿಯನ್ನು ತನ್ನ ಕಡೆ ಎಳೆದುಕೊಂಡು, ಕೆಲಸ ಇಲ್ಲ, ಹೋಗಿ ಎಂದು ಕೈಸನ್ನೆ ಮಾಡಿದಳು. ಅವರು ತಿರುಮಲೇಶನ ಮುಖ ನೋಡಿದರು.

"ಯಾಕೆ? ಕೆಲಸ ಆಗೋದು ಬೇಡವಾ?" ಎಂದ ತಿರುಮಲೇಶ. ಅವನಿಗೆ ಅರ್ಥವೇ ಆಗಿರಲಿಲ್ಲ. "ಶೈಲಜಾಗೆ ನಾನು ಏನಂತ ಹೇಳಲಿ?"

ಲಮ್ದುವಾನ್ ಬೆನ್ನು ನೆಟ್ಟಗೆ ಮಾಡಿ ನಿಂತಳು. ಗುರುಬಸವ್ವನ ಬಾಯಿಂದ ಕಲಿತ ಕನ್ನಡದಲ್ಲಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು.

"ಆಕಿಗೆ ಹೇಳ್ರಿ. ಆಕಿ ಬರಲಿಲ್ಲ. ಆಳು ಕಳಿಸ್ಯಾಳ. ಮುಯ್ಯಿ ತೀರಿಲ್ಲ."

ಇಷ್ಟು ವರ್ಷ ಅವಳ ಎದುರಿಗೆ, ಗೃಹಪ್ರವೇಶದಲ್ಲಿ, ಅಡುಗೆಮನೆಯಲ್ಲಿ, ಕಾರಿನಲ್ಲಿ, ಈ ಹೊಲದಲ್ಲಿ ತಾವು ಗಂಡಹೆಂಡತಿ ಕನ್ನಡದಲ್ಲಿ ಅವಳ ಬಗ್ಗೆ ಏನೇನು ಆಡಿಕೊಂಡಿದ್ದೆವು ಎಂದು ತಿರುಮಲೇಶ ಒಂದೊಂದಾಗಿ ನೆನೆಸಿಕೊಳ್ಳುತ್ತಿರುವುದು ಮುಖದ ಮೇಲೇ ಕಂಡಿತು. ಗುರುಬಸವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಜ್ಜಿಗೆಹುಲ್ಲಿನ ಮೊದಲ ಬುಡಕ್ಕೆ ಕೈ ಹಾಕಿದಳು. ಲಮ್ದುವಾನ್ ಅವಳ ಪಕ್ಕಕ್ಕೆ ಹೋಗಿ ಕೂತಳು.